ಮುಟ್ಟಿ ಬರುವುದು

ಮಧುಗಿರಿಯಲ್ಲಿ ಇನಾಯತ್ ಸಾಬರ ಸೈಕಲ್ ಶಾಪಿನ ಗೋಡೆಗೆ
ನೀಲಿ ಪೇಂಟಿನಲ್ಲಿ ಬರೆದಿದೆ:
ಪಂಚರ್ ಇಪ್ಪತ್ತು. ಗಾಳಿ ಎರಡು.
ಬೆಟ್ಟ ನಲವತ್ತೊಂದು ನಿಮಿಷ ಆರು ಸೆಕೆಂಡು.

ಮೂರನೆಯದರ ಬೆಲೆ ಕೇಳಿದವರಿಗೆ
ಮಂಡಿ ತೋರಿಸುತ್ತಾರೆ.
ಕೋಟೆ ಬಾಗಿಲಿಂದ ಹೊರಟು, ತುದಿಯ ಹಾಳುಗುಡಿಯ
ಗೋಡೆ ಮುಟ್ಟಿ, ಮತ್ತೆ ಬಾಗಿಲಿಗೆ.
ಅದಾಗಿ ಮೂವತ್ತು ವರ್ಷ.
ಪೇಂಟು ಮಾತ್ರ ರಂಜಾನಿಗೊಮ್ಮೆ ಹೊಸದಾಗುತ್ತದೆ.

ನಾನು ಡೇರಿಯಲ್ಲಿ ಕ್ಯಾನು ಎತ್ತುವವಳು.
ನಲವತ್ತು ಲೀಟರಿನ ಕ್ಯಾನು ಕಲಿಸಿಕೊಟ್ಟಿದೆ,
ಭಾರ ಎಲ್ಲಿದೆಯೋ ಅಲ್ಲಿಗೆ ಉಸಿರು ಕಳಿಸುವುದನ್ನು.
ಉಳಿದದ್ದು ಸಾಬರು ಹೇಳಿದ್ದು:
"ಹತ್ತೋದು ಎದೆ ಕೆಲ್ಸ ಮಾರಕ್ಕ, ಇಳಿಯೋದು ನಂಬ್ಕೆ ಕೆಲ್ಸ.
ಕಾಲಿಗೆ ಕಣ್ಣು ಕೊಟ್ಟು, ಕಣ್ಣಿಗೆ ರಜ ಕೊಡು."

ಮಾಘದ ಒಂದು ಭಾನುವಾರ, ಆರೂಕಾಲು.
ಅವರ ಹೆಬ್ಬೆರಳು ಗುಂಡಿಯ ಮೇಲೆ. "ಹೂಂ."

ಬಾಗಿಲು. ಮತ್ತೊಂದು ಬಾಗಿಲು. ಬಾವಲಿ ವಾಸನೆಯ ಇನ್ನೊಂದು.
ಆಮೇಲೆ ಬಂಡೆ, ಬರೀ ಬಂಡೆ,
ಒಂದೇ ಕಲ್ಲು, ಊರಿಗಿಂತ ದೊಡ್ಡದು,
ಉಳಿ ಕಚ್ಚಿ ಬಿಟ್ಟ ಗುಳಿಗಳೇ ಮೆಟ್ಟಿಲು.
ಬರಿಗಾಲಿಗೆ ಕಲ್ಲು ಕರುವಿನ ಮೂಗಿನಷ್ಟು ತಣ್ಣಗೆ.
ಕಬ್ಬಿಣದ ಕಂಬಿ ಹಿಡಿದರೆ ಸೆಕೆಂಡು ಹೋಗುತ್ತದೆ,
ಬಿಟ್ಟರೆ ಜೀವ;
ಹಿಡಿದೂ ಹಿಡಿಯದ ಹಾಗೆ ಬೆರಳು ಸವರುತ್ತಾ ಹೋದೆ.
ತೊಡೆಯಲ್ಲಿ ಯಾರೋ ಮೆಣಸಿನಕಾಯಿ ಅರೆಯುತ್ತಿದ್ದರು.
ಕೆಳಗೆ ಬಸ್ ಸ್ಟ್ಯಾಂಡಿನ ಲೈಟು ಆರಿತು,
ತಿರುಗಿ ನೋಡಲಿಲ್ಲ, ಬೆನ್ನಿಗೆ ಗೊತ್ತಾಯಿತು.

ಗುಡಿ. ದೇವರಿಲ್ಲದ ಗುಡಿ.
ಮುಟ್ಟಬೇಕಾದ ಗೋಡೆಯ ತುಂಬ ಹೆಜ್ಜೇನು.
ಎಮ್ಮೆಯ ಪಕ್ಕೆಯ ಹಾಗೆ ಕಪ್ಪಗೆ
ಉಸಿರಾಡುತ್ತಿತ್ತು ಗೋಡೆ.
ಊರ ಹೆಸರಲ್ಲೇ ಜೇನಿದೆ ಎಂದು ಮಾಸ್ತರು ಹೇಳಿದ್ದು
ಆಗ ನೆನಪಾಗಿ ಏನು ಲಾಭ.
ಕೈ ಚಾಚಿದೆ. ಒಂದು ಗೇಣು ಉಳಿಯಿತು.
ಗೇಣು ಅಂದರೆ ಎಷ್ಟು ಸೆಕೆಂಡು?
ತಿರುಗಿದೆ.

ಇಳಿದದ್ದು ನೆನಪಿಲ್ಲ.
ಕಾಲು ಇಳಿಯಿತು, ನಾನು ಹಿಂದೆ ಬಂದೆ.

ಬಾಗಿಲು ದಾಟಿ ಬಿದ್ದಾಗ
ಸಾಬರ ಕೈ ನಡುಗುತ್ತಿತ್ತು. "ಮೂವತ್ತೊಂಬತ್ತು..." ಅಂದವರು
ಅಲ್ಲೇ ತಡೆದು, ಗುಂಡಿ ಒತ್ತದೆ ಕೇಳಿದರು:
"ಮುಟ್ದಾ?"

ತುದಿಯಲ್ಲಿ ಯಾರೂ ಇರಲಿಲ್ಲ.
ಜೇನು ಬಂದು ಸಾಕ್ಷಿ ಹೇಳುವುದಿಲ್ಲ.
ಹೂಂ ಅನ್ನಲು ಒಂದು ಉಸಿರು ಸಾಕಿತ್ತು,
ಅದೊಂದೂ ಉಳಿದಿರಲಿಲ್ಲ ನನ್ನಲ್ಲಿ.
ಮಣ್ಣಿನ ಮೇಲೆ ಬೆರಳಲ್ಲಿ ಗೇಣು ಹಾಕಿ ತೋರಿಸಿದೆ:
ಇಷ್ಟು.

ಬೈಯಲಿಲ್ಲ. ಇರಲಿ ಬಿಡು ಅನ್ನಲೂ ಇಲ್ಲ.
ಕೀ ಕೊಡುವ ಆ ಹಳೇ ವಾಚನ್ನು ಕಿವಿಗೆ ಹಿಡಿದು,
"ಇನ್ನೂ ಓಡ್ತಾ ಐತೆ," ಅಂದರು.

ಎರಡನೇ ಸಲ ನಡೆದೇ ಹೋದೆ.
ದೊಣೆಯ ನೀರಲ್ಲಿ ಮುಖ ತೊಳೆದೆ. ಒಂದೆಡೆ ಕೂತೆ ಕೂಡ.
ಮೂರನೇ ಬಾಗಿಲಲ್ಲಿ ಸಿಕ್ಕ ತುಮಕೂರಿನ ಹುಡುಗರು
"ಅಕ್ಕ, ತುದಿ ಇನ್ನೂ ಎಷ್ಟು ದೂರ?" ಅಂದರು.
ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಗುಡಿಗೆ ಇನ್ನೊಂದು ಮಗ್ಗುಲಿತ್ತು.
ಎರಡು ವರ್ಷ ಓಡಿಯೂ ಸುತ್ತಿ ನೋಡಿರಲಿಲ್ಲ.
ಅಲ್ಲಿ ನೆರಳು, ಒಂದಿಷ್ಟು ಪಾಚಿ,
ಕಲ್ಲಿನಲ್ಲಿ ಯಾರೋ ಅರ್ಧ ಕೆತ್ತಿ ಬಿಟ್ಟ ಮೀನು.
ಪೂರಾ ಅಂಗೈ ಇಟ್ಟೆ.
ಆಚೆ ಮಗ್ಗುಲಿನ ಜೇನಿನ ಗುಂಯ್‌ಗಾಟ
ಕಲ್ಲು ದಾಟಿ ಮಣಿಕಟ್ಟಿನವರೆಗೂ ಬಂತು.

ಗೋಡೆಗೆ ಈಗ ನಾಲ್ಕನೇ ಸಾಲು:
ಮಾರಕ್ಕ, ಎರಡು ಗಂಟೆ ಐವತ್ತು ನಿಮಿಷ.
ಸೆಕೆಂಡಿಗೆ ಪೇಂಟು ಸಾಲಲಿಲ್ಲವಂತೆ.
ಗಾಳಿ ಹಾಕಿಸಲು ಬಂದವರು ಓದಿ ನಗುತ್ತಾರೆ.
ನಗಲಿ.
ಬೆಟ್ಟದ ವಾಚ್‌ಮನ್‌ಗೆ ಹೇಳಿಟ್ಟಿದ್ದೇನೆ,
ಜೇನು ಎದ್ದುಹೋದ ದಿನ
ಡೇರಿಗೆ ಒಂದು ಫೋನ್ ಮಾಡು ಅಂತ.